ನಷ್ಟಕ್ಕೆ ಪಾಲುದಾರರು ಯಾರು?

ಆಪತ್ತಿಗಾದವನೇ ನೆಂಟ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಈ ಗಾದೆ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ, ಇನ್ನೊಂದನ್ನು ಹಾಗೆಯೇ ಬಿಟ್ಟುಬಿಡುತ್ತದೆ. ನೆಂಟನೆಂದು ಯಾರನ್ನು ಕರೆಯಬೇಕು ಎಂಬುದು ಅದರಿಂದ ತಿಳಿಯುತ್ತದೆ. ಆದರೆ ಒಬ್ಬನ ಆಪತ್ತಿನಲ್ಲಿ ಪಾಲು ಹೊರಬೇಕಾದ ಹೊಣೆ ಯಾರದು, ಆ ಹೊಣೆಯ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಅದು ಹೇಳುವುದಿಲ್ಲ. ಮನೆಯವರವರೆಗೆ ಸಾಕೇ? ಜಾತಿಯವರವರೆಗೆ? ಭಾಷೆಯವರವರೆಗೆ? ಅಥವಾ ಗುರುತು ಪರಿಚಯವಿಲ್ಲದ, ಕಂತು ಕಟ್ಟಿದ್ದಾರೆಂಬ ಒಂದೇ ಕಾರಣಕ್ಕೆ ನಮ್ಮೊಡನೆ ಒಂದೇ ಪಟ್ಟಿಯಲ್ಲಿ ಸೇರಿದವರವರೆಗೆ?

ಈ ಪ್ರಶ್ನೆಯನ್ನು ಎತ್ತಿದಾಗಲೆಲ್ಲ ನಮ್ಮ ಸಭೆಗಳಲ್ಲಿ ಕೇಳಿಬರುವ ಉತ್ತರ ಸಾಮಾನ್ಯವಾಗಿ ಒಂದೇ. ಹಿಂದೆ ಊರಿಗೆ ಊರೇ ಒಬ್ಬನ ಕಷ್ಟಕ್ಕೆ ಆಗಿಬರುತ್ತಿತ್ತು, ಈಗ ಪ್ರೀತಿಯ ಜಾಗಕ್ಕೆ ವಿಮೆಯ ಕಾಗದ ಬಂದು ಕೂತಿದೆ ಎನ್ನುವ ಉತ್ತರ. ಸರ್ವೀಸ್ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದ ನನಗೆ, ಸಾಲ, ಕಂತು, ಜಾಮೀನುಗಳ ಪುಸ್ತಕಗಳ ನಡುವೆ ಕಳೆದ ವರ್ಷಗಳಿಂದಾಗಿ, ಈ ಉತ್ತರವನ್ನು ಪೂರ್ತಿ ಒಪ್ಪಿಕೊಳ್ಳಲು ಕಷ್ಟ. ಪೂರ್ತಿ ತಳ್ಳಿಹಾಕಲೂ ಮನಸ್ಸು ಬಾರದು. ಹಾಗಾಗಿ ಅರ್ಥಶಾಸ್ತ್ರಜ್ಞರು ಹಳ್ಳಿಗಳಿಗೇ ಹೋಗಿ, ಮನೆಮನೆಯ ಲೆಕ್ಕ ಬರೆದು ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಓದುಗರ ಮುಂದಿಟ್ಟು, ಅವುಗಳ ಬೆಳಕಿನಲ್ಲಿ ಈ ನೈತಿಕ ಪ್ರಶ್ನೆಯನ್ನು ನೋಡುವ ಪ್ರಯತ್ನ ಮಾಡಿದ್ದೇನೆ.

ಮೊದಲು ಮಾತುಗಳನ್ನೇ ಗಮನಿಸಬಹುದು. ಮದುವೆಯಲ್ಲಿ ಒಬ್ಬರು ಕೊಟ್ಟದ್ದನ್ನು ನೆನಪಿಟ್ಟು ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸುವುದಕ್ಕೆ ನಾವು ಮುಯ್ಯಿ ಎನ್ನುತ್ತೇವೆ. ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಗೆ ಕೂಲಿಯಿಲ್ಲದೆ ಹೋಗಿ ದುಡಿದು, ಅವರಿಂದ ಅಷ್ಟೇ ದಿನದ ದುಡಿಮೆಯನ್ನು ವಾಪಸು ಪಡೆಯುವುದು ಮುಯ್ಯಾಳು. ಸೇಡು ತೀರಿಸಿಕೊಳ್ಳುವುದಕ್ಕೂ ಅದೇ ಮುಯ್ಯಿ ಎಂಬ ಮಾತು. ಕೊಟ್ಟದ್ದನ್ನು ಮರೆಯದ ಸಮಾಜ ಕೊಡದೆ ಇದ್ದುದನ್ನೂ ಮರೆಯುವುದಿಲ್ಲ ಎಂಬ ತಿಳಿವಳಿಕೆ ಈ ಒಂದು ಶಬ್ದದಲ್ಲಿ ಅಡಗಿದೆ. ನಮ್ಮ ತೆಂಕಣ ನೆರೆಯವರಲ್ಲಿ, ವಡಕರ ಮೊದಲಾದ ಕಡೆ, ಪಣಪ್ಪಯಟ್ಟ್ ಎಂಬ ಪದ್ಧತಿ ಇದೆ. ಹಣದ ಅಡಚಣೆ ಬಂದವನು ಗೆಳೆಯರನ್ನೂ ನೆರೆಯವರನ್ನೂ ಚಹಾಕ್ಕೆ ಕರೆಯುತ್ತಾನೆ. ಬಂದವರು ತಮ್ಮ ಕೈಲಾದ ಹಣ ಕೊಟ್ಟು ಹೋಗುತ್ತಾರೆ. ಯಾರು ಎಷ್ಟು ಕೊಟ್ಟರೆಂಬುದನ್ನು ಪುಸ್ತಕದಲ್ಲಿ ಬರೆದಿಡಲಾಗುತ್ತದೆ. ಮುಂದೆ ಅವರು ಚಹಾಕ್ಕೆ ಕರೆದಾಗ ಇವನು ಆ ಮೊತ್ತವನ್ನು ಕೂಡಿಸಿ ಕೊಡಬೇಕು. ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವ ಗೆಳೆಯರಿಗೆ ಇದನ್ನು ನಾನು ವಿವರಿಸಬೇಕಾದ್ದಿಲ್ಲ. ಇನ್ನು ವಿಮೆ ಎಂಬ ಶಬ್ದ ಪಾರಸಿಯ ಬೀಮಾದಿಂದ ಬಂದದ್ದು. ಆ ನುಡಿಯಲ್ಲಿ ಬೀಮ್ ಎಂದರೆ ಭಯ.

ಹಾಗಾದರೆ ಹಳೆಯ ಪದ್ಧತಿಯಲ್ಲಿಯೂ ಲೆಕ್ಕವಿತ್ತು, ಪುಸ್ತಕವಿತ್ತು, ತಪ್ಪಿದವನಿಗೆ ಅವಮಾನದ ದಂಡವೂ ಇತ್ತು. ಒಂದರಲ್ಲಿ ಪ್ರೀತಿ, ಇನ್ನೊಂದರಲ್ಲಿ ಲೆಕ್ಕ ಎಂದು ಗೆರೆ ಎಳೆಯುವುದು ಅಷ್ಟು ಸುಲಭವಲ್ಲ. ನಿಜವಾದ ವ್ಯತ್ಯಾಸ ಬೇರೆಲ್ಲೋ ಇದೆ.

ನೆರವನ್ನು ಅಳೆಯುವುದು ಹೇಗೆ? ‘ನಿಮ್ಮ ಊರಿನವರು ಕಷ್ಟಕ್ಕೆ ಆಗುತ್ತಾರೆಯೇ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುವವರೇ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಬೇರೊಂದು ದಾರಿ ಹಿಡಿಯಿತು. 1975ರಿಂದ ಮೊದಲುಗೊಂಡು ಕೆಲವು ಒಣಭೂಮಿಯ ಹಳ್ಳಿಗಳಲ್ಲಿ ತನ್ನ ಸಿಬ್ಬಂದಿಯನ್ನು ನೆಲೆಸುವಂತೆ ಮಾಡಿ, ಆಯ್ದ ಮನೆಗಳಿಗೆ ಕೆಲವು ವಾರಗಳಿಗೊಮ್ಮೆ ಹೋಗಿ, ಏನು ಬೆಳೆದಿರಿ, ಎಷ್ಟು ದಿನ ಕೂಲಿ ಸಿಕ್ಕಿತು, ಯಾರು ಕಾಯಿಲೆ ಬಿದ್ದರು, ಏನು ಉಂಡಿರಿ ಎಂದು ವರ್ಷಾನುಗಟ್ಟಲೆ ಬರೆಯಿಸಿತು. ಆ ಹಳ್ಳಿಗಳಲ್ಲಿ ಮೂರು ಮುಂದೆ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಹೆಸರಾದವು. ಅಂದಿನ ಆಂಧ್ರದ, ಈಗಿನ ತೆಲಂಗಾಣದ ಮಹಬೂಬ್‌ನಗರ ಸೀಮೆಯ ಔರೇಪಲ್ಲಿ, ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಕಂಝಾರಾ ಮತ್ತು ಸೊಲ್ಲಾಪುರ ಜಿಲ್ಲೆಯ ಶಿರಾಪುರ. ಶಿರಾಪುರ ಮರಾಠಿ ಸೀಮೆಯ ಊರೇ ಹೌದಾದರೂ, ನಮ್ಮಂತೆಯೇ ಗಡಿಯಾಚೆ ಉಳಿದ ಅಕ್ಕಲಕೋಟೆಯ ಕನ್ನಡಿಗರು ಇರುವುದು ಅದೇ ಜಿಲ್ಲೆಯಲ್ಲಿ. ಅದೇ ಆಕಾಶವನ್ನು ನೋಡಿ ಬಿತ್ತುವವರು ಅವರು.

ಅಮೆರಿಕದ ರಾಬರ್ಟ್ ಟೌನ್‌ಸೆಂಡ್ ಎಂಬ ಅರ್ಥಶಾಸ್ತ್ರಜ್ಞರು ಈ ಲೆಕ್ಕವನ್ನು ಹಿಡಿದು 1994ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರ ಯುಕ್ತಿ ಸರಳವಾದುದು. ಒಬ್ಬನ ಆದಾಯ ಈ ವರ್ಷ ಅರ್ಧಕ್ಕಿಳಿದಿದೆ ಎಂದುಕೊಳ್ಳೋಣ. ಅವನ ಮನೆಯ ಅನ್ನದ ಪಾತ್ರೆಯೂ ಅರ್ಧಕ್ಕಿಳಿದರೆ ಅವನು ಒಂಟಿ. ಪಾತ್ರೆ ಇಳಿಯದೆ, ಊರಿನ ಉಳಿದವರ ಪಾತ್ರೆಯಷ್ಟೇ ಏರಿಳಿದರೆ, ಕಾಣದ ಕೈಗಳು ಎಲ್ಲಿಯೋ ಕೆಲಸ ಮಾಡಿವೆ ಎಂದರ್ಥ. ಸಾಲವೋ, ಉಡುಗೊರೆಯೋ, ಕೂಡಿಟ್ಟದ್ದೋ, ಯಾವುದೆಂದು ಈ ಪರೀಕ್ಷೆ ಹೇಳುವುದಿಲ್ಲ. ನಷ್ಟ ಹಂಚಿಹೋಯಿತೇ ಇಲ್ಲವೇ ಎಂಬುದನ್ನು ಮಾತ್ರ ಹೇಳುತ್ತದೆ. ಟೌನ್‌ಸೆಂಡ್ ಕಂಡದ್ದು ಇದು: ನಷ್ಟವೆಲ್ಲ ಪೂರ್ತಿಯಾಗಿ ಹಂಚಿಹೋಗುತ್ತದೆ ಎಂಬ ಮಾತು ಲೆಕ್ಕದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಆದರೂ ಅಚ್ಚರಿಯಾಗುವಷ್ಟು ಸಮೀಪಕ್ಕೆ ಬರುತ್ತದೆ. ಮನೆಯೊಂದರ ಅನುಭೋಗ ಊರಿನ ಸರಾಸರಿಯೊಂದಿಗೆ ಸಾಗುತ್ತದೆ. ಆ ಮನೆಯ ಕಾಯಿಲೆ, ಕೆಲಸವಿಲ್ಲದ ದಿನ, ಆ ವರ್ಷದ ಸ್ವಂತ ಆದಾಯ ಇವು ಅದನ್ನು ಅಷ್ಟಾಗಿ ಅಲುಗಿಸುವುದಿಲ್ಲ.

ಹಿಂದೆ ಊರಿಗೆ ಊರೇ ಆಗಿಬರುತ್ತಿತ್ತು ಎನ್ನುವವರಿಗೆ ಇದರಿಂದ ಸಂತೋಷವಾಗಬಹುದು. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಸಾಲಿದೆ. ಮೂರರಲ್ಲಿ ಒಂದು ಹಳ್ಳಿಯಲ್ಲಿ ಭೂಮಿಯಿಲ್ಲದವರಿಗೆ ಈ ಆಸರೆ ಭೂಮಿಯಿದ್ದ ನೆರೆಯವರಿಗಿದ್ದಷ್ಟು ಇರಲಿಲ್ಲ ಎಂಬುದಕ್ಕೆ ಪುರಾವೆ ಸಿಕ್ಕಿತು. 1997ರಲ್ಲಿ ಮಾರ್ಟಿನ್ ರವಾಲಿಯನ್ ಮತ್ತು ಶುಭಂ ಚೌಧುರಿ ಈ ಲೆಕ್ಕವನ್ನೇ ಮತ್ತೆ ಕೈಗೆತ್ತಿಕೊಂಡು, ಅನುಭೋಗವನ್ನು ಬೇರೆ ಬಗೆಯಲ್ಲಿ ಅಳೆದರೆ ಆಸರೆ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ ಎಂದು ತೋರಿಸಿದರು. 2012ರಲ್ಲಿ ಮಜೋಕ್ಕೊ ಮತ್ತು ಸೈನಿ ಎಂಬಿಬ್ಬರು ಅದೇ ಹಳ್ಳಿಗಳ ಲೆಕ್ಕದಿಂದ ಇನ್ನೂ ಒಂದು ಮಾತು ಹೇಳಿದರು. ಇಡೀ ಹಳ್ಳಿಯನ್ನು ಒಂದು ಘಟಕವೆಂದು ತೆಗೆದುಕೊಂಡರೆ ನಷ್ಟ ಸರಿಯಾಗಿ ಹಂಚಿಹೋಗುತ್ತದೆ ಎಂಬುದು ಸುಳ್ಳಾಗುತ್ತದೆ. ಜಾತಿಯೊಂದನ್ನು ಘಟಕವೆಂದು ತೆಗೆದುಕೊಂಡರೆ ಅದು ಸುಳ್ಳಾಗುವುದಿಲ್ಲ. ಎಂದರೆ, ಊರು ಎಂದು ನಾವು ಹೇಳುತ್ತಿದ್ದದ್ದು ಊರಲ್ಲ, ಊರೊಳಗಿನ ನಮ್ಮವರು. ಕೇರಿಯಾಚೆ ಅದೇ ವರ್ಷ ಏನಾಯಿತೆಂದು ಊರಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಅದು ಊರಿನ ಲೆಕ್ಕದೊಳಗೆ ಬಂದಿರಲಿಲ್ಲ.

ನಮ್ಮವರೊಳಗಿನ ಈ ಹಂಚಿಕೆಗೆ ಇನ್ನೊಂದು ಮಿತಿಯೂ ಇದೆ. ನನ್ನ ಎತ್ತು ಸತ್ತರೆ ನೆರೆಯವನು ತನ್ನ ಎತ್ತನ್ನು ಕೊಟ್ಟಾನು. ನಮ್ಮ ಮನೆಯಲ್ಲಿ ಜ್ವರ ಹಿಡಿದರೆ ಅವರ ಮನೆಯಿಂದ ಗಂಜಿ ಬಂದೀತು. ಆದರೆ ಮಳೆಯೇ ಬಾರದಿದ್ದರೆ? ನಮ್ಮ ಕಡೆಗಾದರೆ ಮಳೆ ಬಿಡದಿದ್ದರೆ? ಆಟಿ ತಿಂಗಳಲ್ಲಿ ಬಿಡುವಿಲ್ಲದೆ ಜಡಿಮಳೆ ಹೊಡೆದು, ಮೈಲುತುತ್ತು ಸುಣ್ಣದ ಮದ್ದು ಬಿಡಲು ಒಂದೆರಡು ದಿನದ ಬಿಸಿಲೂ ಸಿಗದೆ, ಎಳೆಯಡಿಕೆ ಕೊಳೆತು ಬುಡ ತುಂಬ ಉದುರುವ ವರ್ಷದಲ್ಲಿ, ನನ್ನ ತೋಟದಲ್ಲಿ ಕೊಳೆರೋಗ, ಭಾವನ ತೋಟದಲ್ಲೂ ಕೊಳೆರೋಗ, ಅವನ ಮಾವನ ತೋಟದಲ್ಲೂ ಅದೇ. ಆಗ ಯಾರು ಯಾರಿಗೆ ಕೊಡಬೇಕು? ಎಲ್ಲರ ದೋಣಿಯೂ ತೂತಾದಾಗ ಪ್ರೀತಿ ಎಷ್ಟಿದ್ದರೂ ದಡ ಸೇರಿಸುವವರಿಲ್ಲ.

ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯವೊಂದನ್ನು ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಓಡೆಡ್ ಸ್ಟಾರ್ಕ್ 1989ರಲ್ಲಿ ಬಯಲಿಗೆ ತಂದರು. ಅವರು ಬಳಸಿದ್ದೂ ಇಕ್ರಿಸ್ಯಾಟಿನ ಲೆಕ್ಕವನ್ನೇ. ಹೆಣ್ಣುಮಕ್ಕಳನ್ನು ದೂರದ ಊರಿಗೆ ಮದುವೆ ಮಾಡಿ ಕೊಡುವುದರಿಂದ, ಬೇರೆ ಮಳೆ ಬೀಳುವ ಸೀಮೆಯಲ್ಲಿ ನೆಂಟರು ಹುಟ್ಟಿಕೊಳ್ಳುತ್ತಾರೆ. ಇಂಥ ನೆಂಟಸ್ತಿಕೆ ಇದ್ದ ಮನೆಗಳಲ್ಲಿ ಕೆಟ್ಟ ವರ್ಷದಲ್ಲಿಯೂ ಊಟದ ಏರಿಳಿತ ಕಡಿಮೆ. ಬೆಳೆಯ ಆದಾಯ ಹೆಚ್ಚು ಏರುಪೇರಾಗುವ ಮನೆಗಳು ಹೆಚ್ಚು ದೂರದ ಸಂಬಂಧವನ್ನೇ ಹುಡುಕುತ್ತಿದ್ದವು.

ಇದನ್ನು ಓದಿದಾಗ ನನಗೆ ನನ್ನ ಸೋದರತ್ತೆಯ ನೆನಪಾಯಿತು. ಅವರನ್ನು ಘಟ್ಟದ ಮೇಲೆ, ಮಡಿಕೇರಿ ಕಡೆಗೆ ಕೊಟ್ಟಿದ್ದರು. ಇಲ್ಲಿ ಅಡಿಕೆ ಹೋದ ವರ್ಷ ಅಲ್ಲಿಂದ ಅಕ್ಕಿಮೂಡೆ ಇಳಿದು ಬರುತ್ತಿತ್ತು ಎಂದು ನನ್ನ ತಂದೆ ಕೃತಜ್ಞತೆಯಿಂದ ಹೇಳುತ್ತಿದ್ದರು. ಅತ್ತೆಗೆ ವಯಸ್ಸಾದ ಮೇಲೆ ಒಮ್ಮೆ ನಾನು ಆ ಮಾತೆತ್ತಿದಾಗ ಅವರು ನಕ್ಕು, ‘ಅಪ್ಪನ ಲೆಕ್ಕ ಸರಿಯಾಗಿಯೇ ಇತ್ತು ಮಗಾ. ಆದರೆ ಆ ಛಳಿಗೆ ಹೋಗುತ್ತೀಯಾ ಅಂತ ನನ್ನತ್ರ ಒಂದು ಮಾತು ಕೇಳಬಹುದಿತ್ತು’ ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಆದರೆ ಸಂಶೋಧಕರ ಕೋಷ್ಟಕದಲ್ಲಿ ಸಿಗದ ಒಂದು ಅಂಕಣ ಆ ಮಾತಿನಲ್ಲಿತ್ತು. ತವರಿನ ಅನ್ನಕ್ಕೆ ಭದ್ರತೆ ಸಿಕ್ಕಿತು ಸರಿಯೇ, ಅದರ ಕಂತನ್ನು ಕಟ್ಟಿದವರು ಯಾರು? ಪ್ರೀತಿಯ ವಿಮೆಗೂ ಬೆಲೆಯುಂಟು. ಆ ಬೆಲೆಯನ್ನು ಅನೇಕ ಸಲ, ಮಾತು ಕೇಳಿಸಿಕೊಳ್ಳದವರ ಕೈಯಿಂದ ವಸೂಲು ಮಾಡಲಾಗಿದೆ.

ಆಸರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಇದೇ ಹಳ್ಳಿಗಳು ತೋರಿಸಿವೆ. ಮಳೆ ಯಾವಾಗ ಹಿಡಿಯುತ್ತದೆಂದು ಹೇಳಲಾಗದ ಕಡೆಯ ಬಡ ರೈತ ಹೆಚ್ಚು ಲಾಭದ, ಆದರೆ ಅಪಾಯದ ಬೆಳೆಗೂ ಬಂಡವಾಳಕ್ಕೂ ಕೈ ಹಾಕುವುದಿಲ್ಲ. ರೋಸೆನ್‌ಜ್ವೈಗ್ ಮತ್ತು ಹಾನ್ಸ್ ಬಿನ್ಸ್‌ವಾಂಗರ್ 1993ರಲ್ಲಿ ಲೆಕ್ಕ ಹಾಕಿದಂತೆ, ಮಳೆಯ ಅನಿಶ್ಚಿತತೆ ಒಂದು ಹಂತ ಏರಿದರೆ ಅತಿ ಬಡ ಕಾಲುಭಾಗದ ರೈತರ ಲಾಭ ನೂರಕ್ಕೆ 35ರಷ್ಟು ಇಳಿಯುತ್ತದೆ. ಶ್ರೀಮಂತ ರೈತರ ಲಾಭ ಅಲುಗುವುದೇ ಇಲ್ಲ. ಬಡವನು ಕೆಟ್ಟ ವರ್ಷದಲ್ಲಿ ಎತ್ತನ್ನು ಮಾರಿ ಉಣ್ಣುತ್ತಾನೆ, ಒಳ್ಳೆಯ ವರ್ಷದಲ್ಲಿ ಉಳಲು ಅವನಲ್ಲಿ ಎತ್ತಿಲ್ಲ. ಆದ್ದರಿಂದ ಬಡವರು ಧೈರ್ಯವಿಲ್ಲದವರು, ಹೊಸದಕ್ಕೆ ಒಗ್ಗದವರು ಎಂದು ಹೇಳುವ ಮೊದಲು ನಾವು ಎರಡು ಸಲ ಯೋಚಿಸಬೇಕು. ಅವರು ತಮ್ಮ ಭದ್ರತೆಯನ್ನು ತಮ್ಮ ಲಾಭದಿಂದಲೇ ಕೊಂಡುಕೊಳ್ಳುತ್ತಿದ್ದಾರೆ.

ಹಾಗಿದ್ದರೆ ಕಂಪೆನಿಯ ವಿಮೆ ಇವರ ಕೈ ಹಿಡಿಯಬಾರದೇ? ಊರಿಡೀ ಮುಳುಗುವ ನಷ್ಟವನ್ನು ದೂರದೂರದ ಸೀಮೆಗಳಿಗೆ ಹಂಚಬಲ್ಲದ್ದು ಅದೊಂದೇ ಅಲ್ಲವೇ? ಆದರೆ ಕಂಪೆನಿಗೂ ಒಂದು ಭಯವಿದೆ. ಒಂದು ಪೇಟೆಯಲ್ಲಿ ಮಾರುವವನಿಗೆ ಗೊತ್ತಿದ್ದದ್ದು ಕೊಳ್ಳುವವನಿಗೆ ಗೊತ್ತಿಲ್ಲದೆ ಹೋದರೆ ಆ ಪೇಟೆಯೇ ಹೇಗೆ ಕುಸಿಯಬಹುದೆಂದು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದರು. 2001ರಲ್ಲಿ ಅವರಿಗೆ ಸ್ಪೆನ್ಸ್ ಮತ್ತು ಸ್ಟಿಗ್ಲಿಟ್ಸ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಬಂತು. ವಿಮೆಯಲ್ಲಿ ಗುಟ್ಟು ಬಲ್ಲವನು ಕೊಳ್ಳುವವನು. ತನ್ನ ತೋಟಕ್ಕೆ ರೋಗ ಬೇಗ ತಗಲುತ್ತದೆಂದು ಬಲ್ಲವನೇ ಮುಂದೆ ಬಂದು ವಿಮೆ ಕೊಂಡಾನು, ಕೊಂಡ ಮೇಲೆ ಮದ್ದು ಬಿಡಲು ಉದಾಸೀನ ಮಾಡಿಯಾನು ಎಂಬುದು ಕಂಪೆನಿಯ ಸಂಶಯ. ನೆರೆಯವನಿಗೆ ಈ ಸಂಶಯವಿಲ್ಲ, ಯಾಕೆಂದರೆ ಅವನಿಗೆ ಎಲ್ಲವೂ ಬೇಲಿಯ ಆಚೆಯಿಂದ ಕಾಣುತ್ತದೆ.

ಈ ಸಂಶಯಕ್ಕೆ ಪರಿಹಾರವಾಗಿ ಬಂದದ್ದು ಮಳೆಯ ವಿಮೆ. ಭಾರತದಲ್ಲಿ ಅದು 2003ರಲ್ಲಿ ಮಹಬೂಬ್‌ನಗರ ಜಿಲ್ಲೆಯಲ್ಲಿ ಮೊದಲಾಯಿತು. ಐಸಿಐಸಿಐ ಲೊಂಬಾರ್ಡ್ ಕಂಪೆನಿ, ಬೇಸಿಕ್ಸ್ ಎಂಬ ಕಿರುಸಾಲ ಸಂಸ್ಥೆ ಎರಡೂ ಅದರ ಹಿಂದಿದ್ದವು. ಇಲ್ಲಿ ನಿಮ್ಮ ಗದ್ದೆಯ ಬೆಳೆಯನ್ನು ಯಾರೂ ನೋಡುವುದಿಲ್ಲ. ಗೊತ್ತುಮಾಡಿದ ಮಳೆಮಾಪಕದಲ್ಲಿ ಮಳೆ ಇಷ್ಟಕ್ಕಿಂತ ಕಡಿಮೆಯಾದರೆ ಇಷ್ಟು ಹಣ. ಮಾಪಕಕ್ಕೆ ಯಾರೂ ಸುಳ್ಳು ಹೇಳಲಾರರು. ಆದರೆ ಮಾಪಕಕ್ಕೆ ಯಾರ ಕಷ್ಟವೂ ತಿಳಿಯದು. ಗಡಿಯಾಚೆ, ದಕ್ಷಿಣ ಕನ್ನಡದಲ್ಲಿ ಅಡಿಕೆ ತೋಟವಿರುವ ನನ್ನ ಬಂಧುವೊಬ್ಬರು ಅಲ್ಲಿನ ಹವಾಮಾನ ಆಧಾರಿತ ಬೆಳೆವಿಮೆಯ ವಿಚಾರ ಬಂದಾಗ ಹೇಳಿದರು: ‘ಆ ಮಾಪಕ ಇರುವುದು ಪಂಚಾಯತಿನ ಹತ್ತಿರ ಭಾವ, ನನ್ನ ತೋಟ ಇರುವುದು ಗುಡ್ಡದ ಹಿಂದೆ. ಅಲ್ಲಿ ಬಿಸಿಲು ಬಿದ್ದ ದಿನವೂ ನಮಗೆ ಮಳೆ. ಅದು ಬರೆದದ್ದೇ ಸತ್ಯವಾದರೆ ನನ್ನ ಉದುರಿದ ಅಡಿಕೆ ಸುಳ್ಳಾ?’

ಇಂಥ ವಿಮೆಯನ್ನು ಜನ ಯಾಕೆ ಕೊಳ್ಳುವುದಿಲ್ಲ ಎಂಬುದನ್ನು ತಿಳಿಯಲು ಶಾನ್ ಕೋಲ್, ಸೇವಿಯರ್ ಜಿನೇ, ಟೌನ್‌ಸೆಂಡ್ ಮೊದಲಾದ ಆರು ಮಂದಿ ಆಂಧ್ರದಲ್ಲಿಯೂ ಗುಜರಾತಿನಲ್ಲಿಯೂ ಪ್ರಯೋಗಗಳನ್ನು ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಂಧ್ರದ ಪ್ರಯೋಗ ನಡೆದದ್ದು ಮಹಬೂಬ್‌ನಗರ ಮತ್ತು ಅನಂತಪುರ ಸೀಮೆಗಳಲ್ಲಿ. ಮಡಕಶಿರಾ, ರಾಯದುರ್ಗಗಳ ಕನ್ನಡಿಗರು ಆಗ ಈ ಅನಂತಪುರ ಜಿಲ್ಲೆಯವರೇ. ಚೀಟಿ ಎತ್ತಿದಂತೆ, ಕೆಲವು ಮನೆಗಳಿಗೆ ವಿಮೆಯನ್ನು ವಿವರಿಸುವವರು ಹೋದರು, ಕೆಲವಕ್ಕೆ ಹೋಗಲಿಲ್ಲ. ಕೆಲವರಿಗೆ ಅವರ ಸಮಯಕ್ಕೆ ಪ್ರತಿಫಲವಾಗಿ ನೂರು ರೂಪಾಯಿ, ಕೆಲವರಿಗೆ ಇಪ್ಪತ್ತೈದು. ಹೀಗೆ ಮಾಡಿದರೆ ಮಾತ್ರ, ಕೊಂಡವನು ತನ್ನ ಸ್ವಭಾವದಿಂದ ಕೊಂಡನೋ ಆ ಒಂದು ಕಾರಣದಿಂದ ಕೊಂಡನೋ ಎಂದು ಬೇರ್ಪಡಿಸಿ ಹೇಳಲು ಸಾಧ್ಯ.

ಬೆಲೆ ಇಳಿದರೆ ಕೊಳ್ಳುವವರು ಹೆಚ್ಚಾದರು ನಿಜ. ಆದರೆ ಬೆಲೆಯೊಂದೇ ಕಾರಣವಾಗಿರಲಿಲ್ಲ. ಕೈಯಲ್ಲಿ ನಗದು ಹೆಚ್ಚು ಸಿಕ್ಕವರು ಬಹಳ ಹೆಚ್ಚಿನ ಪ್ರಮಾಣದಲ್ಲಿ ಕೊಂಡರು. ಬಿತ್ತನೆಯ ಹೊತ್ತಿಗೆ ಬೀಜಕ್ಕೂ ಗೊಬ್ಬರಕ್ಕೂ ಹಣವಿಲ್ಲದವನಿಗೆ ವಿಮೆಯ ಕಂತು ಎಲ್ಲಿಂದ ಬರಬೇಕು? ಇನ್ನೊಂದು ಕಾರಣ ನಂಬಿಕೆ. ವಿವರಿಸಲು ಬಂದವನ ಮಾತಿಗೆ, ಊರಿನವರಿಗೆ ಮೊದಲೇ ಗುರುತಿದ್ದ ಸಂಸ್ಥೆಯ ಪ್ರತಿನಿಧಿ ‘ಇವನು ನಂಬುವಂಥವನು’ ಎಂದು ದನಿಗೂಡಿಸಿದಲ್ಲಿ ಕೊಳ್ಳುವವರು ಹೆಚ್ಚಾದರು. ಗುಜರಾತಿನಲ್ಲಿ ಕೋಲ್ ಮತ್ತು ಸಂಗಡಿಗರು ಮುಂದುವರಿಸಿದ ಅಧ್ಯಯನದಲ್ಲಿ, ಹಳ್ಳಿಯಲ್ಲಿ ಬೇರೆಯವರಿಗೆ ವಿಮೆಯ ಹಣ ಕೈಸೇರಿದ್ದನ್ನು ಕಂಡಮೇಲೆ, ತಮಗೆ ಏನೂ ಸಿಗದವರೂ ಮರುವರ್ಷ ಕೊಳ್ಳಲು ಮುಂದಾದರು. ಕಾಗದದ ಮೇಲಿನ ಕರಾರು ಸಹ ಕೊನೆಗೆ ನಿಲ್ಲುವುದು ಮುಖಪರಿಚಯದ ಮೇಲೆ.

ಇಲ್ಲಿಯ ಇಕ್ಕಟ್ಟು ಈಗ ಸ್ಪಷ್ಟವಾಗುತ್ತದೆ. ನಾವು ಯಾರನ್ನು ನಂಬುತ್ತೇವೆಯೋ ಅವರು ನಮ್ಮಂತೆಯೇ ಬದುಕುವವರು, ಹಾಗಾಗಿ ನಮ್ಮೊಡನೆಯೇ ಮುಳುಗುವವರು. ನಾವು ಮುಳುಗುವಾಗ ದಡದಲ್ಲಿ ನಿಂತಿರುವವರು ನಮ್ಮಂತಲ್ಲದವರು, ಹಾಗಾಗಿ ನಾವು ನಂಬದವರು. ಹಳೆಯ ಪದ್ಧತಿಗೂ ಹೊಸದಕ್ಕೂ ಇರುವ ವ್ಯತ್ಯಾಸ ಪ್ರೀತಿ ಮತ್ತು ಲೆಕ್ಕದ್ದಲ್ಲ, ಹತ್ತಿರ ಮತ್ತು ದೂರದ್ದು.

ಕರಾರಿನಿಂದ ಬಂದ ನೆರವಿನಲ್ಲಿ ಪುಣ್ಯವೇನು ಬಂತು ಎಂದು ಕೇಳುವವರಿದ್ದಾರೆ. ನಾನು ಕಂತು ಕಟ್ಟುವಾಗ ನನ್ನ ಮನಸ್ಸಿನಲ್ಲಿರುವುದು ನನ್ನ ತೋಟವೇ ಹೊರತು ಯಾರೋ ಅಪರಿಚಿತನ ಕಷ್ಟವಲ್ಲ ಎಂಬುದು ಸರಿ. ಆದರೆ ನೆರವು ಪಡೆಯುವವನ ಕಡೆಯಿಂದಲೂ ಒಮ್ಮೆ ನೋಡಬೇಕು. ಕರಾರಿನ ಹಣ ಪಡೆಯುವವನು ಯಾರ ಜಗಲಿಯ ಮುಂದೆಯೂ ತಲೆತಗ್ಗಿಸಿ ನಿಲ್ಲಬೇಕಾಗಿಲ್ಲ. ಮುಂದೆ ಆ ಮನೆಯ ಯಜಮಾನನ ಮಾತಿಗೆ ಎದುರಾಡದೆ ಇರಬೇಕಾಗಿಲ್ಲ. ಮುಯ್ಯಿಯ ಋಣ ತಲೆಮಾರುಗಳವರೆಗೆ ಮಾತನ್ನು ಕಟ್ಟಿಹಾಕಬಲ್ಲದು. ಕೊಡುವವನ ಪುಣ್ಯಕ್ಕಿಂತ ಪಡೆಯುವವನ ಮಾನ ದೊಡ್ಡದೆಂದು ಒಪ್ಪುವುದಾದರೆ, ಕರಾರನ್ನು ಹೀಗಳೆಯುವುದು ಸರಿಯಲ್ಲ.

ಇಷ್ಟು ಹೇಳಿದ ಮೇಲೆ, ಕರಾರಿನ ಪಕ್ಷದವರಾದ ನಾವು ತಪ್ಪಿಸಿಕೊಳ್ಳಲಾಗದ ಇನ್ನೊಂದು ಫಲಿತಾಂಶವಿದೆ. ಮುಷ್ಫಿಕ್ ಮೊಬಾರಕ್ ಮತ್ತು ರೋಸೆನ್‌ಜ್ವೈಗ್ ತಮಿಳುನಾಡು, ಆಂಧ್ರ, ಉತ್ತರ ಪ್ರದೇಶಗಳಲ್ಲಿ ಮಳೆವಿಮೆಯನ್ನು ಚೀಟಿ ಎತ್ತಿ ಕೆಲವರಿಗೆ ಒದಗಿಸಿ ನೋಡಿದರು. ವಿಮೆ ಸಿಕ್ಕ ರೈತರಿಗೆ ಧೈರ್ಯ ಬಂತು. ಬರ ತಾಳುವ ಹಳೆಯ ಬೆಳೆಯಿಂದ ಅವರು ಹೆಚ್ಚು ಇಳುವರಿಯ, ಆದರೆ ಮಳೆಯನ್ನೇ ನೆಚ್ಚಿದ ಬೆಳೆಗೆ ತಿರುಗಿದರು. ಮಳೆ ಬಂದ ವರ್ಷ ಅವರ ಹೊಲಗಳಲ್ಲಿ ಕೆಲಸ ಹೆಚ್ಚು, ಬಾರದ ವರ್ಷ ಕೆಲಸ ಹಿಂದಿಗಿಂತಲೂ ಕಡಿಮೆ. ಬಾರದ ವರ್ಷ ರೈತನಿಗೆ ವಿಮೆಯ ಹಣ ಬಂತು. ಆ ಹೊಲದಲ್ಲಿ ದುಡಿಯುತ್ತಿದ್ದ, ಭೂಮಿಯಿಲ್ಲದ ಕೂಲಿಯಾಳಿಗೆ ಏನು ಬಂತು? ಅವನ ಕೂಲಿಯ ಏರುಪೇರು ಮೊದಲಿಗಿಂತ ಹೆಚ್ಚಾಯಿತು. ಅವನಿಗೂ ವಿಮೆ ಸಿಗದಿದ್ದರೆ, ರೈತನ ಭದ್ರತೆ ಅವನಿಗೆ ಅಭದ್ರತೆಯಾಗಿ ಪರಿಣಮಿಸುತ್ತದೆ.

ಈ ಸಂಗತಿಯನ್ನು ನಮ್ಮ ಊರಿಗೆ ಅನ್ವಯಿಸಿ ನೋಡಿದರೆ ಮನಸ್ಸಿಗೆ ಕಸಿವಿಸಿಯಾಗದೆ ಇರದು. ಕೊಳೆರೋಗದ ವರ್ಷದಲ್ಲಿ ಅಡಿಕೆ ಹೋಗುವುದು ತೋಟದ ಯಜಮಾನನದು ಮಾತ್ರವಲ್ಲ. ಮರ ಹತ್ತಿ ಮದ್ದು ಬಿಡುವವನದೂ ಕೊನೆ ಕೊಯ್ಯುವವನದೂ ಕೂಲಿ ಹೋಗುತ್ತದೆ. ಒಣಗಿದ ಅಡಿಕೆಯನ್ನು ಕಿಲೋ ಲೆಕ್ಕದಲ್ಲಿ ಸುಲಿಯಲು ಬರುವ ಹೆಂಗಸರಿಗೆ ಸುಲಿಯಲು ಅಡಿಕೆಯೇ ಇರುವುದಿಲ್ಲ. ಯಜಮಾನನಿಗೆ ಪರಿಹಾರ ಬಂದರೆ ಅದು ಪತ್ರಿಕೆಯಲ್ಲಿ ಸುದ್ದಿ. ಪರಿಹಾರ ಸಾಲದಾದರೆ ಅದೂ ಸುದ್ದಿ. ಸುಲಿಯುವವರ ನಷ್ಟ ಯಾವ ಮಾಪಕದಲ್ಲೂ ಬೀಳುವುದಿಲ್ಲ. ಎಲ್ಲರೂ ಒಂದೇ ಮಳೆಯಲ್ಲಿ ನೆನೆದವರು, ಆದರೆ ಮಾಡಿನ ಕೆಳಗೆ ನಿಂತವರು ಕೆಲವರು, ಆ ಮಾಡಿನ ನೀರು ಧುಮುಕುವ ಜಾಗದಲ್ಲಿ ನಿಂತವರು ಕೆಲವರು.

ಟೌನ್‌ಸೆಂಡರ ಭೂಮಿಯಿಲ್ಲದವರು, ಸೈನಿ ಮತ್ತು ಮಜೋಕ್ಕೊ ಅವರ ಕೇರಿಯಾಚೆಯವರು, ಮೊಬಾರಕ್ ಅವರ ಕೂಲಿಯಾಳುಗಳು, ಘಟ್ಟ ಹತ್ತಿದ ನನ್ನ ಅತ್ತೆ ಇವರೆಲ್ಲರನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ತೋರುವುದು ಹೀಗೆ. ಭದ್ರತೆ ಎಂಬುದು ಯಾವಾಗಲೂ ಒಂದು ವರ್ತುಲದ ಭದ್ರತೆ. ಅದು ನೆಂಟಸ್ತಿಕೆಯಿಂದ ಬರಲಿ, ಕಂಪೆನಿಯಿಂದ ಬರಲಿ, ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಲು ಒಳಗಿರುವವರು ಎಷ್ಟು ಬೆಚ್ಚಗಿದ್ದಾರೆ ಎಂದು ನೋಡಿದರೆ ಸಾಲದು. ವರ್ತುಲ ಎಳೆದುದರಿಂದ ಹೊರಗಿರುವವರಿಗೆ ಏನಾಯಿತು ಎಂದು ನೋಡಬೇಕು. ಅವರು ಹೇಗಿದ್ದರೋ ಹಾಗೆಯೇ ಉಳಿದಿದ್ದರೆ ನಮ್ಮ ಮೇಲೆ ಔದಾರ್ಯದ ಹೊಣೆಯಷ್ಟೇ ಇರುತ್ತದೆ. ನಮ್ಮ ಭದ್ರತೆಯ ಕಾರಣದಿಂದಲೇ ಅವರ ಸ್ಥಿತಿ ಕೆಟ್ಟಿದ್ದರೆ ಅದು ಔದಾರ್ಯದ ಮಾತಲ್ಲ, ಸಾಲದ ಮಾತು. ಸಾಲವನ್ನು ತೀರಿಸಬೇಕು.

ಈ ಮಾತು ಗಡಿನಾಡಿನ ಕನ್ನಡ ಮನೆಗಳಿಗೆ ಬೇರೊಂದು ರೀತಿಯಲ್ಲಿಯೂ ತಟ್ಟುತ್ತದೆ. 1956ರ ನವೆಂಬರ್ 1ರಂದು ನಮ್ಮ ಸುತ್ತ ಬೇರೆಯವರು ಒಂದು ಗೆರೆ ಎಳೆದರು. ಅಂದಿನಿಂದ ನಾವು ನಮ್ಮವರೊಳಗೇ ಒಂದು ವರ್ತುಲ ಕಟ್ಟಿಕೊಂಡು, ಶಾಲೆಗೆ, ಸಂಘಕ್ಕೆ, ಕಷ್ಟಸುಖಕ್ಕೆ ಒಬ್ಬರಿಗೊಬ್ಬರು ಆಗಿಬಂದಿದ್ದೇವೆ. ಅದನ್ನು ನಾನು ಕಡಿಮೆಯೆಂದು ಹೇಳಲಾರೆ. ಆದರೆ ಗಡಿಯ ಎರಡೂ ಕಡೆ ಸುರಿಯುವ ಮೋಡ ಒಂದೇ ಆದರೂ, ಯಾವ ಬೆಳೆಗೆ, ಯಾವ ಪ್ರದೇಶಕ್ಕೆ ಬೆಳೆವಿಮೆ ಎಂದು ಅಧಿಸೂಚನೆ ಹೊರಡಿಸುವುದು ಆಯಾ ರಾಜ್ಯ ಸರಕಾರ. ನಮ್ಮ ಹೆಸರು ಬರಬೇಕಾದದ್ದು ಕೇರಳದ ಪಟ್ಟಿಯಲ್ಲಿ, ನಮ್ಮೊಡನೆ ಆ ಪಟ್ಟಿಯಲ್ಲಿ ಪಾಲುದಾರರಾಗಬೇಕಾದವರು ಮಲಯಾಳ ಮಾತಾಡುವ ರೈತರು. ಅವರನ್ನು ನಂಬದೆ ನಮಗೆ, ನಮ್ಮನ್ನು ನಂಬದೆ ಅವರಿಗೆ ದಾರಿಯಿಲ್ಲ.

ಇದು ಆಗದ ಮಾತೇನೂ ಅಲ್ಲ. 1970ರ ಸುಮಾರಿಗೆ ಅಡಿಕೆಯ ಧಾರಣೆ ಕುಸಿದಾಗ, ಯಾವ ಒಂದು ಊರೂ ಯಾವ ಒಂದು ಜಾತಿಯೂ ತನ್ನವರನ್ನು ಉಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಧಾರಣೆ ಎಲ್ಲರಿಗೂ ಒಟ್ಟಿಗೇ ಬೀಳುವಂಥದ್ದು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದಾಗ ಅದು ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿಯಾಗಿ ಹುಟ್ಟಿತು. ಗಡಿಗೆರೆ ಎಳೆದು ಹದಿನೇಳು ವರ್ಷವಾಗುವುದರೊಳಗೆ ಅಡಿಕೆ ಆ ಗೆರೆಯನ್ನು ದಾಟಿತು. ಹತ್ತಿರದವರ ನಂಬಿಕೆಯನ್ನು ದೂರದವರಿಗೆ ದಾಟಿಸುವವರು ಯಾರಾದರೂ ಎರಡೂ ಕಡೆಗೆ ಗುರುತಿದ್ದವರು ನಡುವೆ ಬೇಕಾಗುತ್ತದೆ, ಅನಂತಪುರ ಸೀಮೆಯ ಪ್ರಯೋಗದಲ್ಲಿ ಆ ಪ್ರತಿನಿಧಿ ಇದ್ದಂತೆ. ಎರಡು ಭ���ಷೆ ಬಲ್ಲ ನಮ್ಮಂಥ ಮನೆಗಳಿಗೆ ಆ ಕೆಲಸ ಕಷ್ಟವಾಗಬಾರದು.

ಆದರೆ ಅಲ್ಲಿಗೇ ನಿಂತರೂ ಲೆಕ್ಕ ಮುಗಿಯಲಿಲ್ಲ. ಆ ಸಹಕಾರಿಯಲ್ಲಿಯೂ ಪಾಲುದಾರರಾದವರು ತೋಟವಿದ್ದವರು. ಮುಂದಿನ ಕೊಳೆರೋಗದ ವರ್ಷ ಯಾರದಾದರೂ ಮನೆಗೆ ವಿಮೆಯ ಹಣ ಬಂದರೆ, ಆ ವರ್ಷ ಸುಲಿಯಲು ಅಡಿಕೆಯಿಲ್ಲದೆ ಮನೆಯಲ್ಲಿ ಕೂತ ಹೆಂಗಸರಿಗೆ ಅದರಲ್ಲಿ ಎಷ್ಟು ದಿನದ ಕೂಲಿ ಸೇರಿದೆ ಎಂದು ಆ ಮನೆಯವರು ಪುಸ್ತಕ ತೆಗೆದು ಬರೆಯಬೇಕೆಂದು ನನ್ನ ಅಭಿಪ್ರಾಯ. ದಾನದ ಪುಟದಲ್ಲಿ ಅಲ್ಲ, ಕೊಡತಕ್ಕ ಬಾಕಿಯ ಪುಟದಲ್ಲಿ.